ಕಾರಿನ ಬೆನ್ನ ಮೇಲಿನ ‘ರಿ’

ನನ್ನ ಮೇಲೆ ಏನಾದರೂ ಬರೆದಿರುವುದು ನನಗೆ ಇಷ್ಟವಿಲ್ಲ. ಇದನ್ನು ಗುಣವೆನ್ನಬೇಕೋ ದೋಷವೆನ್ನಬೇಕೋ ಇನ್ನೂ ನಿರ್ಧಾರವಾಗಿಲ್ಲ. ಎದೆಯ ಮೇಲೆ ಅಕ್ಷರಗಳಿರುವ ಅಂಗಿ ನಾನು ಕೊಳ್ಳುವುದಿಲ್ಲ. ಶಾಲೆಯಲ್ಲಿ ನೋಟ್‌ಬುಕ್ಕಿನ ಲೇಬಲ್ಲಿನ ಮೇಲೆ ಹೆಸರನ್ನು ಪೆನ್ಸಿಲಿನಲ್ಲಿ ಬರೆಯುತ್ತಿದ್ದೆ, ಬೇಕೆನಿಸಿದರೆ ಅಳಿಸಬಹುದಲ್ಲ ಎಂದು. ಎಂ.ಎಸ್ಸಿ. ಮುಗಿದ ವಾರ ಅಪ್ಪ ಗೇಟಿನ ಫಲಕದಲ್ಲಿ ತಮ್ಮ ಹೆಸರಿನ ಕೆಳಗೆ ನನ್ನ ಹೆಸರನ್ನೂ, ಅದರ ಮುಂದೆ ಪದವಿಯನ್ನೂ, ಅದರ ಮುಂದೆ ಕಂಸದಲ್ಲಿ ‘ಭೌತಶಾಸ್ತ್ರ’ ಎಂಬುದನ್ನೂ ಬರೆಸಿದಾಗ ನಾನು ಒಂದು ತಿಂಗಳು ಹಿತ್ತಲ ಬಾಗಿಲಿನಿಂದ ಓಡಾಡಿದೆ. ವಿಚಿತ್ರವೆಂದರೆ ಹೊಟ್ಟೆಪಾಡಿಗೆ ನಾನು ಮಾಡುವುದು ಚೀಟಿ ಅಂಟಿಸುವ ಕೆಲಸವನ್ನೇ. ಕುಪವಾಡದ ಕಾರ್ಖಾನೆಗಳಲ್ಲಿ ಬಳಸುವ ಅಳತೆಯ ಉಪಕರಣಗಳು ಸರಿಯಾಗಿ ಅಳೆಯುತ್ತವೆಯೇ ಎಂದು ಪರೀಕ್ಷಿಸುವ ಸಣ್ಣ ಪ್ರಯೋಗಾಲಯ ನಮ್ಮದು. ಸರಿ ಇದ್ದದ್ದಕ್ಕೆ ಹಸಿರು ಚೀಟಿ, ತಪ್ಪಿದ್ದಕ್ಕೆ ಕೆಂಪು. ಚೀಟಿಯೇ ಇಲ್ಲದ್ದನ್ನು ಯಾರೂ ಮುಟ್ಟಬಾರದು, ಅದು ನಿಯಮ. ಇಷ್ಟು ವರ್ಷ ಈ ಎರಡು ಸ್ವಭಾವಗಳು ನನ್ನೊಳಗೆ ಅಕ್ಕಪಕ್ಕದ ಮನೆಯವರ ಹಾಗೆ ಸುಮ್ಮನಿದ್ದವು. ಅವುಗಳ ನಡುವೆ ಜಗಳ ಹಚ್ಚಿದ್ದು ಒಂದು ಕಾರು.

ಮಿರಜಿನಿಂದ ಕುಪವಾಡಕ್ಕೆ ಸ್ಕೂಟರಿನ ಮೇಲೆ ಹೋಗಿ ಬಂದು, ದಾರಿಯ ಧೂಳನ್ನೆಲ್ಲ ಕುಡಿದು ಸಾಕಾಗಿ, ಹಳೆಯದೊಂದು ಕಾರು ಹುಡುಕುತ್ತಿದ್ದೆ. ನನ್ನ ಬೇಡಿಕೆ ಒಂದೇ: ಅದನ್ನು ಯಾರೂ ತಿರುಗಿ ನೋಡಬಾರದು. ನಮ್ಮ ಮಿರಜಿನಲ್ಲಿ ಆಸ್ಪತ್ರೆಗಳು ಹೆಚ್ಚು, ಆದ್ದರಿಂದ ಡಾಕ್ಟರರು ಹೆಚ್ಚು, ಆದ್ದರಿಂದ ಚೆನ್ನಾಗಿಟ್ಟುಕೊಂಡ ಹಳೆಯ ಕಾರುಗಳೂ ಹೆಚ್ಚು. ಊರು ಬಿಡುತ್ತಿದ್ದ ಡಾಕ್ಟರೊಬ್ಬರ ನೀಲಿ ಕಾರು ಸಿಕ್ಕಿತು. ನಮ್ಮ ಓಣಿಯಲ್ಲೇ ಅಂಥವು ಇನ್ನೂ ನಾಲ್ಕಿವೆ. ಒಂದೇ ವ್ಯತ್ಯಾಸ: ಇದರ ಹಿಂಬಾಗಿಲಿನ ಬಲಮೂಲೆಯಲ್ಲಿ ಇಂಗ್ಲಿಷಿನ ಒಂದು ಕೆಂಪು ‘ಆರ್’, ಅದಕ್ಕೆ ಒತ್ತಿಕೊಂಡು ಬೆಳ್ಳಿಬಣ್ಣದ ಒಂದು ಪುಟ್ಟ ‘ಐ’. ಬಿಡಿಭಾಗದ ಅಂಗಡಿಯವರು ಇದಕ್ಕೆ ಮೋನೋಗ್ರಾಮ್ ಅನ್ನುತ್ತಾರೆ. “ಅದೇನಿಲ್ಲ, ಇಂಜಿನ್ ಸ್ವಲ್ಪ ಜೋರು ಅದ ಅಷ್ಟ,” ಎಂದರು ಡಾಕ್ಟರು, ಸೂಜಿ ಹಿಡಿದು ‘ನೋವಾಗುವುದಿಲ್ಲ’ ಎನ್ನುವ ದನಿಯಲ್ಲಿ.

ಎಷ್ಟು ಜೋರು ಎಂಬುದು ಮರುದಿನ ತಿಳಿಯಿತು. ಕುಪವಾಡದ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರೊಂದನ್ನು ದಾಟಲೆಂದು ಕಾಲು ಒತ್ತಿದೆ. ಮರುಕ್ಷಣ ಕನ್ನಡಿಯಲ್ಲಿ ನೋಡಿದರೆ ಟ್ರ್ಯಾಕ್ಟರು ಬೆಂಕಿಪೆಟ್ಟಿಗೆಯಷ್ಟಾಗಿತ್ತು. ನಾನು ನಕ್ಕೆ. ಒಬ್ಬಳೇ, ಗಾಜು ಏರಿಸಿಕೊಂಡು, ಗಟ್ಟಿಯಾಗಿ. ಈ ಸಂಗತಿಯನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ. ಕೆಲವರು ಅಡಿಗೆಮನೆಯಲ್ಲಿ ಯಾರೂ ಇಲ್ಲದಾಗ ಬೆಲ್ಲದ ಚೂರು ಬಾಯಿಗೆ ಹಾಕಿಕೊಳ್ಳುತ್ತಾರಲ್ಲ, ಹಾಗೆ ದಿನಕ್ಕೊಮ್ಮೆ, ಎರಡು ಸ್ಪೀಡ್ ಬ್ರೇಕರುಗಳ ನಡುವಿನ ಖಾಲಿ ರಸ್ತೆಯಲ್ಲಿ, ನನ್ನದೊಂದು ಚೂರು ಬೆಲ್ಲ. ಆದರೆ ಬೆನ್ನಿಗೆ ಕೆಂಪಕ್ಷರ ಕಟ್ಟಿಕೊಂಡು ಗುಟ್ಟು ಕಾಪಾಡುವುದು ಹೇಗೆ? ಸಿಗ್ನಲ್ಲಿನಲ್ಲಿ ಬೈಕಿನ ಹುಡುಗರು ಹಿಂದೆ ಓದಿಕೊಂಡು, ಮುಂದೆ ಬಂದು, ಯಾರು ಓಡಿಸುತ್ತಿದ್ದಾರೆಂದು ಇಣುಕಿ ನೋಡಿ, ಹಸಿರು ಬೀಳುವ ಮೊದಲೇ ಬೈಕು ಗುರುಗುಟ್ಟಿಸುತ್ತಿದ್ದರು. ಪೆಟ್ರೋಲ್ ಪಂಪಿನಲ್ಲಿ ಪೈಪು ಹಿಡಿದವನು ಎಷ್ಟು ಓಡುತ್ತದೆಂದು ಮರಾಠಿಯಲ್ಲಿ ಕೇಳುತ್ತಿದ್ದ. ಅವನು ಕೇಳಿದ್ದು ಲೀಟರಿಗಲ್ಲ, ಗಂಟೆಗೆ ಎಂಬುದು ಅವನ ಕಣ್ಣಲ್ಲೇ ಗೊತ್ತಾಗುತ್ತಿತ್ತು. ಅಕ್ಷರ ಕಿತ್ತುಬಿಡೋಣ ಅನ್ನಿಸಿತು. ತಕ್ಷಣ ಕೆಲಸದ ಬುದ್ಧಿ ಅಡ್ಡ ಬಂತು. ಒಳಗೊಂದು ಹೊರಗೊಂದು ಇರುವ ಉಪಕರಣಕ್ಕೆ ದಿನವೂ ಕೆಂಪು ಚೀಟಿ ಅಂಟಿಸುವವಳು ನಾನು. ಇಟ್ಟುಕೊಂಡರೆ ಬಡಾಯಿ, ಕಿತ್ತರೆ ಸುಳ್ಳು. ಒಂದು ಹಾಳೆ ತೆಗೆದುಕೊಂಡು ಎಡಕ್ಕೆ ‘ತೆಗೆ’, ಬಲಕ್ಕೆ ‘ಬಿಡು’ ಎಂದು ಬರೆದು ನಡುವೆ ಗೆರೆ ಎಳೆದೆ. ಎರಡೂ ಕಡೆ ಐದೈದು ಕಾರಣಗಳಾದವು. ನಾನು ಅಷ್ಟು ಕಷ್ಟಪಟ್ಟು ತಪ್ಪಿಲ್ಲದಂತೆ ತೂಗುವವಳಾಗಿರದಿದ್ದರೆ ಯಾವುದಾದರೂ ಒಂದು ಕಡೆ ವಾಲುತ್ತಿತ್ತು.

ಹೀಗಿರುವಾಗ ಅಜ್ಜಿ ಕಾರನ್ನು ಓದಿದಳು. ಅಜ್ಜಿ ಗಡಿಯಾಚೆ ಕರ್ನಾಟಕದ ಹಳ್ಳಿಯ ಕನ್ನಡ ಶಾಲೆಯಲ್ಲಿ ನಾಲ್ಕನೆಯ ಇಯತ್ತೆವರೆಗೆ ಕಲಿತವಳು. ಇಂಗ್ಲಿಷ್ ಅಕ್ಷರ ಕಲಿಸಿದ್ದು ನಾನೇ, ಎರಡನೆಯ ಇಯತ್ತೆಯಲ್ಲಿದ್ದಾಗ, ಅಡಿಪಟ್ಟಿ ಕೈಯಲ್ಲಿ ಹಿಡಿದು. ಆದ್ದರಿಂದ ಮುಂದಿನದಕ್ಕೆಲ್ಲ ನಾನೇ ಹೊಣೆ. ಅವಳು ಮುಂದಿನ ಬಾನೆಟ್ಟಿಗೆ ಕೇಸರಿಯಿಂದ ಸ್ವಸ್ತಿಕ ಬರೆದು, ಪ್ರದಕ್ಷಿಣೆ ಹಾಕುತ್ತ ಹಿಂದಕ್ಕೆ ಬಂದು, ನಿಂತಳು.

“ಆರ್... ಐ... ರಿ!” ಎಂದಳು. “ಯವ್ವಾ, ಗಾಡಿಗೂ ರಿ ಹಚ್ಚ್ಯಾರಲ್ಲ! ಛಲೋ ಮಾಡ್ಯಾರ. ನಮ್ಮನ್ನ ಹೊತಗೊಂಡ ಹೋಗೋರಿಗೆ ಅಷ್ಟರ ಮರ್ಯಾದಿ ಬ್ಯಾಡೇನ?”

“ಅಜ್ಜಿ, ಅದು ರಿ ಅಲ್ಲ. ಆರ್ ಅಂದ್ರ ರೇಸಿಂದು. ಐ ಅಂದ್ರ ಇಂಜಿನ್ನಿಗೆ ಪೆಟ್ರೋಲ್ ಬಿಡೂ ಇಂಜೆಕ್ಷನ್.”

“ಡಾಕ್ಟರ ಗಾಡಿ ಅಂದಮ್ಯಾಲ ಇಂಜೆಕ್ಷನ್ ಇರೂದ,” ಎಂದು ಅಜ್ಜಿ ಆ ವಿಷಯ ಅಲ್ಲಿಗೆ ಮುಗಿಸಿದಳು.

ನಮ್ಮ ಕಡೆ ‘ಬಾ’ ಎಂಬುದು ‘ಬರ್ರಿ’ ಆಗಲು ಬೇಕಾದದ್ದು ಈ ಒಂದೇ ಅಕ್ಷರ. ಅದನ್ನು ಹಚ್ಚಿಕೊಂಡವರು ಯಾರೇ ಆಗಲಿ ಬಹುವಚನಕ್ಕೆ ಅರ್ಹರು. ಅಂದಿನಿಂದ ನಮ್ಮ ಕಾರು ‘ಅವರು’ ಆಯಿತು. ಅವರನ್ನ ಬಿಸಲಾಗ ನಿಲ್ಲಸಬ್ಯಾಡ, ಅವರಿಗೆ ನೀರು ಹಾಕಿದ್ಯೇನ, ಅವರು ಇವತ್ತ ಯಾಕೋ ಕೆಮ್ಮಾಕತ್ತಾರ. ಮೊದಮೊದಲು ತಿದ್ದಿದೆ. ಆಮೇಲೆ ಬಿಟ್ಟೆ. ಆಮೇಲೆ, ನಾಚಿಕೆಯಿಂದ ಹೇಳುತ್ತೇನೆ, ನನಗೂ ಅದೇ ರೂಢಿಯಾಯಿತು.

ನಮ್ಮ ಪಕ್ಕದ ಮನೆಯ ಶೋಭಾ ಮಾವಶಿಯ ಹಿರಿಯರೂ ಕನ್ನಡದವರೇ. ಆದರೆ ಮೂರು ತಲೆಮಾರು ಬಳಸದೆ ಆ ಮನೆಯ ಕನ್ನಡ ಸವೆದಿದೆ. ಮಾವಶಿಗೆ ಸರ್ವನಾಮಗಳು ಚೆನ್ನಾಗಿ ತಿಳಿಯುತ್ತವೆ. ನಾಮಪದ ಬರುವಷ್ಟರಲ್ಲಿ ಆಕೆ ಸುದ್ದಿ ಹಿಡಿದು ಗೇಟು ದಾಟಿರುತ್ತಾಳೆ. ಒಂದು ಸಂಜೆ ನಾನು ಒಳಗೆ ಕೂತಿದ್ದಾಗ ಕಂಪೌಂಡಿನ ಗೋಡೆಯ ಮೇಲಿನ ಮಾತು ಕಿಟಕಿಯಿಂದ ಕೇಳಿಸಿತು.

“ನಮ್ಮ ಹುಡುಗಿಗೆ ಅವರಂದ್ರ ಜೀವ,” ಎನ್ನುತ್ತಿದ್ದಳು ಅಜ್ಜಿ. “ಮುಂಜಾನೆದ್ದು ಮೊದಲ ಅವರ ಮಾರಿ ಒರಸ್ತಾಳ. ಕೆಲಸಕ್ಕ ಹೋಗೂದೂ ಅವರ ಜೋಡಿನ, ಬರೂದೂ ಅವರ ಜೋಡಿನ.”

“ಅಗಂಬಾಯಿ! ಆಜೀ, ಅವರು ಅಂದ್ರ ಕೋಣ?”

ಮರಾಠಿಯಲ್ಲಿ ‘ಕೋಣ’ ಎಂದರೆ ಯಾರು ಎಂದರ್ಥ. ಮಿರಜಿಗೆ ಸೊಸೆಯಾಗಿ ಬಂದ ಅಜ್ಜಿಗೆ ಇದು ಗೊತ್ತಿಲ್ಲದೆ ಇಲ್ಲ. ಆದರೆ ಸಿಕ್ಕ ಕೋಣವನ್ನು ಅವಳು ಬಿಡುವವಳಲ್ಲ.

“ಕೋಣ ಅಲ್ಲವಾ, ಕುದರಿ ಇದ್ದಂಗ ಅದಾರ! ಡಾಕ್ಟರ ಮನಿಯಿಂದ ಬಂದಾರ.”

“ಮತ್ತ ಇಲ್ಲೇ ಇರ್ತಾರ?”

“ಇನ್ನೆಲ್ಲಿ ಹೋಗ್ತಾರ? ಒಳಗ ಜಾಗಾ ಇಲ್ಲ. ಹೊರಗ ತಾಡಪತ್ರಿ ಹೊಚ್ಚಿ ನಿಲ್ಲಸೇವಿ.”

ನಾನು ಎದ್ದು ಹೊರಗೆ ಬರುವಷ್ಟರಲ್ಲಿ ಮಾವಶಿ ಹೋಗಿಬಿಟ್ಟಿದ್ದಳು.

ಇದು ಬರೀ ನಗೆಯಾಗಿ ಮುಗಿಯುತ್ತಿತ್ತು, ಸಾಂಗ್ಲಿಯ ಒಂದು ಸಂಬಂಧ ಆಗ ಮಾತುಕತೆಯಲ್ಲಿ ಇರದಿದ್ದರೆ. ಹುಡುಗ ಅಲ್ಲಿಯ ಕಾಲೇಜಿನಲ್ಲಿ ಭೂಗೋಳ ಕಲಿಸುತ್ತಾರೆ. ಫೋನಿನಲ್ಲಿ ಎರಡು ಸಲ ಮಾತಾಡಿದ್ದೆವು. ಮೊದಲ ಸಲ ಇಬ್ಬರೂ ಎಷ್ಟು ಹೊತ್ತು ಸುಮ್ಮನಿದ್ದೆವೆಂದರೆ ಲೈನು ಹೋಗಿರಬೇಕೆಂದು ನಾನು ಫೋನು ಜಾಡಿಸಿದೆ. ಕೊನೆಗೆ ಅವರು, “ನನಗ ಫೋನಿನ್ಯಾಗ ಮಾತಾಡಲಿಕ್ಕೆ ಬರೂದಿಲ್ರಿ,” ಎಂದರು. “ನನಗೂ ಬರೂದಿಲ್ರಿ,” ಎಂದೆ. ಇಷ್ಟು ಒಳ್ಳೆಯ ಸಂಭಾಷಣೆ ನಾನು ಬಹಳ ದಿನದಿಂದ ಮಾಡಿರಲಿಲ್ಲ. ಇದನ್ನೂ ಮನೆಯಲ್ಲಿ ಹೇಳಿರಲಿಲ್ಲ. ಮನೆಯವರು ನಾನು ಇನ್ನೂ ಯೋಚಿಸುತ್ತಿದ್ದೇನೆಂದು ತಿಳಿದಿದ್ದರು; ನಾನು ಭೂಗೋಳದವರ ಮೂರನೆಯ ಫೋನಿಗೆ ಕಾಯುತ್ತಿದ್ದೆ. ಬಂದದ್ದು ಅವರ ತಾಯಿಯ ಫೋನು, ಅದೂ ಅವ್ವನಿಗೆ.

“ನಿಮ್ಮ ಮನ್ಯಾಗ ಯಾರೋ ಡಾಕ್ಟರ ಕಡೆಯವರು ಇರ್ತಾರಂತಲ್ಲರೀ? ಹುಡುಗಿ ಅವರ ಜೋಡಿನ ಅಡ್ಡಾಡತಾಳಂತ?”

“ಅಯ್ಯ, ಅದು ಕಾರ್ ರೀ!” ಎಂದಳು ಅವ್ವ.

ಆ ಕಡೆಯವರಿಗೆ ನಂಬಿಕೆ ಬರಲಿಲ್ಲ. “ಆತು, ಐತವಾರ ಬಂದು ನೋಡ್ತೀವಿ,” ಎಂದರಂತೆ.

ಫೋನು ಇಟ್ಟವಳೇ ಅವ್ವ ತೀರ್ಪು ಕೊಟ್ಟಳು: ಐತವಾರದೊಳಗೆ ಅಕ್ಷರ ಹೋಗಬೇಕು. ರಿ ಇದ್ದರೆ ತಾನೇ ಅವರು? ಮೇಲಾಗಿ ಕೆಂಪಕ್ಷರ ನೋಡಿದರೆ ಹುಡುಗಿ ಭಾಳ ಜೋರು ಅಂದುಕೊಳ್ಳುತ್ತಾರೆ. ಇಲ್ಲಿಯವರೆಗೆ ಕೀಳಬೇಕೆಂದು ಒದ್ದಾಡುತ್ತಿದ್ದ ನನಗೆ, ಅವ್ವ ಕೀಳು ಎಂದ ಕೂಡಲೇ ಆ ಎರಡು ಅಕ್ಷರಗಳ ಮೇಲೆ ಎಲ್ಲಿಲ್ಲದ ಮಮತೆ ಉಕ್ಕಿತು. ಹುಡುಗಿ ಜೋರು ಎಂದು ತಿಳಿದರೆ ಏನಾಯಿತು? ಆದರೆ ಅದು ಕಾರಿನ ಬೆನ್ನಿನಿಂದ ತಿಳಿಯಬೇಕೇ? ಹಾಳೆಯ ಎರಡೂ ಕಡೆ ಆರಾರು ಕಾರಣಗಳಾದವು.

ಕೊನೆಗೆ ಅವ್ವನ ಮಾತಿಗೇ ಒಪ್ಪಿ ಅಪ್ಪನ ಸ್ನೇಹಿತರಾದ ಸಿತಾರ್ ಮಾಡುವ ಚಾಚಾನ ಅಂಗಡಿಯ ಮುಂದೆ ಕಾರು ನಿಲ್ಲಿಸಿದೆ. ಗ್ಯಾರೇಜಿನವರು ಉಳಿ ಹಾಕಿ ಎಬ್ಬಿಸುತ್ತೇವೆ ಎಂದಿದ್ದರು. ಬಣ್ಣ ಕೆತ್ತೀತೆಂಬ ಹೆದರಿಕೆ. ಚಾಚಾ ಸೂರಿನಿಂದ ತೂಗುಬಿಟ್ಟ ಸೋರೆಬುರುಡೆಗಳ ಕೆಳಗಿನಿಂದ ಬಗ್ಗಿ ಹೊರಬಂದು, ಅಕ್ಷರಗಳ ಮೇಲೆ ಉಗುರಿನಿಂದ ತಟ್ಟಿ ಕಿವಿಗೊಟ್ಟರು, ಸ್ವರ ಬರುತ್ತದೇನೋ ಎಂಬಂತೆ. “ತಂತಿ ಬ್ಯಾಡ ಬೇಟಿ, ಗೀರ ಬೀಳ್ತಾವ. ಪರದಾ ಕಟ್ಟೋ ದಾರ ಕೊಡ್ತೀನಿ,” ಎಂದರು. ಸಿತಾರಿನ ಪರದಾಗಳನ್ನು, ಎಂದರೆ ಸ್ವರದ ಲೋಹದ ಮೆಟ್ಟುಗಳನ್ನು, ಕೋಲಿಗೆ ಬಿಗಿಯುವ ನೈಲಾನ್ ದಾರ ಅದು. ನಾನು ಕೂದಲು ಒಣಗಿಸುವ ಯಂತ್ರದಿಂದ ಅಕ್ಷರಗಳಿಗೆ ಬಿಸಿಗಾಳಿ ಹಿಡಿದೆ; ಅವರು ಅಕ್ಷರದ ಹಿಂದೆ ದಾರ ತೂರಿಸಿ ಗರಗಸದ ಹಾಗೆ ಅತ್ತಿತ್ತ ಎಳೆಯತೊಡಗಿದರು.

“ಹೆಸರು ಯಾಕ ತಗೀತಿ?”

“ಯಾರಿಗೂ ಗೊತ್ತಾಗಬಾರದು ಚಾಚಾ.”

“ನಮ್ಮ ಅಬ್ಬಾನೂ ಹಂಗ. ತಮ್ಮ ಹೆಸರು ಬುರಡಿ ಒಳಗ ಬರದು ಮುಚ್ಚತಿದ್ರು. ಒಡದ್ರ ಮಾತ್ರ ಕಾಣಬೇಕು.”

“ಮತ್ತ ಯಾರು ಮಾಡಿದ್ದು ಅಂತ ಹ್ಯಾಂಗ ಗೊತ್ತಾಗತಿತ್ತು?”

“ಬಾರಿಸಿದ್ರ ಗೊತ್ತಾಗತದಲ್ಲ!”

ನನಗೆ ಸಮಾಧಾನ ಹೇಳಲೆಂದೇ ಅವರು ಅದನ್ನು ಹೇಳಿದ್ದು. ಆದರೆ ಬಾರಿಸಿದಾಗ ಗೊತ್ತಾಗುವುದೇ ನನ್ನ ಭಯವಾಗಿತ್ತು. ಅಷ್ಟರಲ್ಲಿ ‘ಆರ್’ ಕಿತ್ತು ಚಾಚಾನ ಅಂಗೈಗೆ ಬಿತ್ತು. ಹಿಂದೆಯೇ ‘ಐ’. ಆ ಜಾಗದಲ್ಲಿ ಬಿಸಿಲು ಕಾಣದ ನೀಲಿ ಹಾಗೇ ಉಳಿದು, ಅಕ್ಷರಗಳು ನೆರಳಿನ ಹಾಗೆ ಕಾಣುತ್ತಿದ್ದವು. ಎರಡು ದಿನ ಪಾಲಿಶ್ ತಿಕ್ಕಿದ ಮೇಲೆ, ಗೊತ್ತಿದ್ದವರಿಗಷ್ಟೇ ಕಾಣುವಂತಾಯಿತು. ಕಿತ್ತ ಅಕ್ಷರಗಳನ್ನು ಮಖಮಲ್ಲಿನ ಒಳಪದರವಿರುವ, ಅಳತೆಯ ಉಪಕರಣದ ಹಳೆಯ ಪೆಟ್ಟಿಗೆಯಲ್ಲಿಟ್ಟೆ.

ಅಜ್ಜಿ ಬರಿದಾದ ಜಾಗದ ಮೇಲೆ ಬೆರಳಾಡಿಸಿ, “ಹಂಗಾರ ಇನ್ನ ಅಂವಾ ಅಂದ್ರೂ ನಡೀತೈತಿ,” ಎಂದಳು. ಅಂದು ಸಂಜೆಯೇ ಗೋಡೆಯ ಮೇಲಿನಿಂದ ಮಾವಶಿಗೆ, “ಅಂವ ಸಂಜಿಮುಂದ ಭಾಳ ಹೊಗಿ ಬಿಡತಾನ,” ಎಂದಳಂತೆ. ಮಾವಶಿ ನನ್ನನ್ನು ಗೇಟಿನಲ್ಲಿ ತಡೆದು, ದನಿ ತಗ್ಗಿಸಿ ಕೇಳಿದಳು: “ಬಾಳ, ನಿನ್ನೆ ತನಕ ಅವರು ಇದ್ರು. ಇವತ್ತ ಅಂವ ಆದ. ಭಾಂಡಣ ಏನು?” ಬಾಳ ಎಂದರೆ ಮಗು, ಭಾಂಡಣವೆಂದರೆ ಜಗಳ. “ಇಲ್ಲ ಮಾವಶಿ,” ಎಂದು ಹೇಳಿ ಒಳಗೆ ಬಂದೆ.

ಐತವಾರ ಅವರು ಬಂದರು, ತಾಯಿ ಮತ್ತು ಮಗ. ಹೊಗೆಯ ಕಾರಣಕ್ಕೆ ಶನಿವಾರ ಗ್ಯಾರೇಜಿಗೆ ಹೋದ ಕಾರು ಮಾತ್ರ ಬಂದಿರಲಿಲ್ಲ. ನಾನು ಚಹದ ಟ್ರೇ ಹಿಡಿದು ಹೊರಗೆ ಬಂದಾಗ ಆ ತಾಯಿ ಅಂಗಳ, ಜಗಲಿ, ಬಾಗಿಲ ಸಂದಿ ಎಲ್ಲ ನೋಡಿ ಮುಗಿಸಿ, ನೇರವಾಗಿ ನನ್ನನ್ನೇ ಕೇಳಿದರು: “ಎಲ್ಲಿ ಅದಾರವಾ, ಅವರು?”

ಎಷ್ಟೋ ದಿನದ ರೂಢಿ ನೋಡಿ. ಅವ್ವ ಕಣ್ಸನ್ನೆ ಮಾಡುವ ಮೊದಲೇ ನನ್ನ ಬಾಯಿ ಹೇಳಿಬಿಟ್ಟಿತು: “ಅವರು ಸರ್ವಿಸಿಗೆ ಹೋಗ್ಯಾರ್ರಿ.”

“ಸರ್ವಿಸಿಗೆ?” ಅವರ ಮುಖದಲ್ಲಿ ಗಾಬರಿಯ ಜೊತೆ ಸ್ವಲ್ಪ ಗೌರವವೂ ಮೂಡಿತು. “ಗೌರ್ಮೆಂಟ್ ಸರ್ವಿಸ್ ಏನು?”

ನಾನು ಟ್ರೇ ಕೆಳಗಿಟ್ಟು, ಒಳಗೆ ಹೋಗಿ, ಪೆಟ್ಟಿಗೆ ತಂದು ಅವಲಕ್ಕಿಯ ತಟ್ಟೆಯ ಪಕ್ಕದಲ್ಲಿ ತೆರೆದೆ. “ಇವರ್ರಿ ಅವರು,” ಎಂದೆ. ತಾಯಿ ಕನ್ನಡಕ ಹಾಕಿಕೊಂಡು ಓದಿದರು. ಅಜ್ಜಿ ನಡೆದದ್ದನ್ನೆಲ್ಲ ಸ್ವಸ್ತಿಕದಿಂದ ಹಿಡಿದು ಹೇಳಿದಳು. ಯಾರಿಗೂ ಕಾಣಬಾರದೆಂದು ಕಿತ್ತದ್ದನ್ನು ಮಖಮಲ್ಲಿನಲ್ಲಿಟ್ಟು ಬೀಗರಾಗುವವರಿಗೆ ತೋರಿಸುತ್ತ ನಾನು ನಿಂತಿದ್ದೆ. ಭೂಗೋಳದವರು ತಲೆ ತಗ್ಗಿಸಿ ಕೂತಿದ್ದರು. ಭುಜಗಳು ಮಾತ್ರ ಕುಲುಕುತ್ತಿದ್ದವು.

“ಗಾಡಿಗೆ ಅವರು ಅಂತೀರಿ. ನಾಳೆ ನಮ್ಮ ಹುಡುಗಗ ಏನಂತೀರಿ ಅಜ್ಜಿ?” ಎಂದು ಕೇಳಿದರು ತಾಯಿ, ಈಗ ನಗುತ್ತ.

“ಬೆನ್ನ ಮ್ಯಾಲ ಏನ ಬರದಾರ ನೋಡಿ ಹೇಳ್ತೀನ್ರಿ.”

ಆ ಮನುಷ್ಯ ಎದ್ದು, ಅಜ್ಜಿಗೆ ಬೆನ್ನು ತೋರಿಸಿ ನಿಂತರು. ಇಸ್ತ್ರಿ ಮಾಡಿದ ಬಿಳಿ ಅಂಗಿ. ಏನೂ ಬರೆದಿರಲಿಲ್ಲ. ಚೀಟಿ ಇಲ್ಲದ್ದನ್ನು ಮುಟ್ಟಬಾರದೆಂಬ ನಿಯಮ ಯಾರು ಮಾಡಿದರೋ ಅನ್ನಿಸಿತು.

ಅವರನ್ನು ಕಳಿಸಿ ಅವ್ವ ಒಳಗೆ ಬಂದಾಗ ನಾನು ಆಗಷ್ಟೇ ಗ್ಯಾರೇಜಿನ ಫೋನು ಇಟ್ಟಿದ್ದೆ. ಅವ್ವ ಸೆರಗು ಕೈಗೆ ಸುತ್ತಿಕೊಳ್ಳುತ್ತ, ನನ್ನ ಮುಖ ನೋಡದೆ ಕೇಳಿದಳು: “ಅವರು ಹ್ಯಾಂಗದಾರ?”

“ಛಲೋ ಅದಾರವಾ,” ಎಂದೆ. “ಬ್ರೇಕ್ ಒಂದ ಸ್ವಲ್ಪ ಸಡ್ಲ ಇತ್ತಂತ, ಬಿಗಿ ಮಾಡ್ಯಾರಂತ.”

ಅವ್ವ ಮೊದಲಿನ ಮಾತನ್ನಷ್ಟೇ ಕೇಳಿ, ನನ್ನ ಒಪ್ಪಿಗೆಯೆಂದು ಸಾಂಗ್ಲಿಗೆ ಫೋನು ಮಾಡಲು ಒಳಗೆ ಹೋಗಿಬಿಟ್ಟಿದ್ದಳು. ಓಡಿ ಹೋಗಿ ತಿದ್ದಬೇಕೆಂದು ಎದ್ದೆ. ಬಾಗಿಲವರೆಗೆ ಹೋಗಿ ನಿಂತೆ. ನಾನು ‘ಛಲೋ ಅದಾರ’ ಎಂದದ್ದು ಯಾವ ಅವರ ಬಗ್ಗೆ ಎಂಬುದು ನನಗೇ ಖಚಿತವಿರಲಿಲ್ಲ.