ಊಟದ ಮೇಜಿನ ಮೇಲೊಂದು ತಾತಾರ್ ಮಸೀದಿ

ಕುವೈತಿನಲ್ಲಿ ಗಲ್ಲಿಗೊಂದು ಮಸೀದಿ ಇರುವಾಗ, ರಿಗ್ಗೈ ಬಡಾವಣೆಯ ನಮ್ಮ ಕ್ರಿಶ್ಚಿಯನ್ನರ ಫ್ಲ್ಯಾಟಿನೊಳಗೆ ಇನ್ನೊಂದನ್ನು ಕಟ್ಟುವ ಪುಣ್ಯಾತ್ಮ ಯಾರಾದರೂ ಇದ್ದಾರೆಯೇ? ಇದ್ದಾರೆ. ನನ್ನ ಗಂಡನ ಅಣ್ಣ!

ಶರ್ಕ್‌ನ ಆಫೀಸೊಂದರಲ್ಲಿ ನಕ್ಷೆ ಬರೆಯುವ ಭಾವ ಒಂದು ಶುಕ್ರವಾರ ರಸ್ಕಿನ ಖಾಲಿ ರಟ್ಟಿನ ಡಬ್ಬಗಳನ್ನೆಲ್ಲ ಊಟದ ಮೇಜಿಗೆ ಸುರಿದು, "ತಾತಾರರ ಮಸೀದಿ ಕಟ್ಲಿಕ್ಕುಂಟು" ಎಂದರು.

"ಯಾರ ತಾತನದ್ದು?"

"ತಾತನದ್ದಲ್ಲ ಮಾರಾಯ್ತಿ, ತಾತಾರ್! ರಷ್ಯಾದ ಒಂದು ಜನ."

ಅವರ ಆಫೀಸಿನ ಗೆಳೆಯ ತಾತಾರನಂತೆ. ಅವನ ಅಪ್ಪ ಕಜಾನ್ ಊರಿನ ಹಳೆಯ ಮಸೀದಿಯಲ್ಲಿ ಬಾಂಗು ಕೊಡುತ್ತಿದ್ದವರು. ಅವರು ತೀರಿಕೊಂಡಾಗ ಇಕಾಮಾ, ಅಂದರೆ ಇಲ್ಲಿನ ವಾಸದ ಪರವಾನಗಿಯ ನವೀಕರಣದಲ್ಲಿ ಸಿಕ್ಕಿಕೊಂಡ ಮಗನಿಗೆ ಮಣ್ಣಿಗೂ ಹೋಗಲಾಗಲಿಲ್ಲ. ನಲವತ್ತನೆಯ ದಿನದೊಳಗೆ ಆ ಮಸೀದಿಯನ್ನೇ ಅವನ ಕಣ್ಣೆದುರು ನಿಲ್ಲಿಸಬೇಕೆಂದು ಭಾವನ ಹಠ.

ಹಠವೋ, ಮೈಮೇಲೆ ಬಂದದ್ದೋ! ಆ ಮಸೀದಿಯ ಮಿನಾರು ಪಕ್ಕದಲ್ಲಿಲ್ಲ. ಹಡಗಿನ ಕೂವೆಮರದ ಹಾಗೆ ಮಾಡಿನ ನಡುವಿನಿಂದಲೇ ಎದ್ದಿದೆ. ಭಾವನದ್ದೂ ಎದ್ದಿತು, ವಾಲಿತು, ನೇರ ನನ್ನ ಬಂಗುಡೆ ಗಸಿಗೆ ಬಿತ್ತು. ಆಗ ಜ್ಞಾನೋದಯ: ನಮಾಜಿನ ಎರಡು ಕೋಣೆಗಳ ನಡುವೆ ದಪ್ಪ ಗೋಡೆ ಬೇಕು, ಮಿನಾರು ಹೊರುವುದು ಅದೇ! ಮರುದಿನ ನನ್ನ ಮೈದಾ ಡಬ್ಬ ಖಾಲಿ. ಎಲ್ಲವೂ ಅಂಟಾಗಿತ್ತು.

"ಲೈಟಿಗೆ ತಾಗ್ತದೆ ಭಾವ, ಸ್ವಲ್ಪ ಗಿಡ್ಡ ಮಾಡಿ."

"ಈ ಮಸೀದಿ ಕಟ್ಟಿದಾಗ ರಷ್ಯಾದ ರಾಣಿಗೂ ಜನ ಇದೇ ದೂರು ಕೊಟ್ಟದ್ದು. ನೆಲ ನನ್ನ ಕೈಯಲ್ಲುಂಟು, ಆಕಾಶ ಇಲ್ಲ ಅಂದಳಂತೆ!"

"ಡೈನಿಂಗ್ ಟೇಬಲ್ ಯಾರ ಕೈಯಲ್ಲುಂಟು?"

ಮೂರು ವಾರ ನಾವು ಚಾಪೆ ಹಾಸಿ ಉಂಡೆವು.

ಕೊನೆಯ ದಿನಗಳಲ್ಲಿ ಯಾರದೋ ಮದುವೆಯ ಕಾಗದ ಕತ್ತರಿಸಿ, ಆ ಗೋಡೆಯೊಳಗೆ ಮಿನಾರಿಗೇರುವ ಉಗುರಿನಷ್ಟು ಮೆಟ್ಟಿಲುಗಳನ್ನು ಕೂರಿಸತೊಡಗಿದರು.

"ಮಾಡು ಮುಚ್ಚಿದ ಮೇಲೆ ಯಾರಿಗೆ ಕಾಣ್ತದೆ ಭಾವ?"

"ಮೆಟ್ಟಿಲು ಇರುವುದು ಕಾಣ್ಲಿಕ್ಕಾ, ಹತ್ತಲಿಕ್ಕಾ?"

ನಲವತ್ತನೆಯ ದಿನ ಗೆಳೆಯ ಬಂದ. ಭಾವ ಮಾಡು ಎತ್ತಿ ತೋರಿಸಿದರು. ಅವನು ಕಿರುಬೆರಳಿನ ಉಗುರನ್ನು ಒಂದೊಂದೇ ಮೆಟ್ಟಿಲ ಮೇಲಿಡುತ್ತ ಏರಿದ, ಅರ್ಧದಲ್ಲಿ ನಿಂತ.

"ಅಪ್ಪನಿಗೆ ಮಂಡಿನೋವು, ಭಾಯಿ," ಎಂದ ತನ್ನ ಹರಕು ಹಿಂದಿಯಲ್ಲಿ. "ಇಲ್ಲಿ ಸ್ವಲ್ಪ ಕೂತುಕೊಂಡು ಮತ್ತೆ ಹತ್ತುತ್ತಿದ್ದರು."

ಅಳತೆ ಒಂದು ನೂಲು ಆಚೀಚೆ ಆದರೂ ಇಡೀ ಗೋಡೆ ಕಿತ್ತುಹಾಕುವ ಭಾವ ಕನ್ನಡಕ ಸರಿಮಾಡಿಕೊಂಡು ನನ್ನತ್ತ ಕೈಚಾಚಿದರು.

"ಕತ್ತರಿ ಕೊಡು ಮಾರಾಯ್ತಿ. ಈ ಮೆಟ್ಟಿಲು ಸ್ವಲ್ಪ ಅಗಲ ಆಗ್ಬೇಕು."