ಅನುಮತಿಯಿಲ್ಲದೆ ಮುರಿದ ಕೈ

ಮಾನ್ಯ ಜಿಲ್ಲಾ ಸಂಘಟಕರೇ,
ತರುಣ ಸೇವಾ ಸ್ಕೌಟ್ ದಳ, ಬಾಗಲಕೋಟೆ.

ಗುಡೂರಿನ ಯುವತಿಯರ ತಂಡದ ಹನ್ನೊಂದು ಮಂದಿಯ ಪರವಾಗಿ, ನಾಯಕಿಯಾದ ಅಂಜನಾಳ ಶರಣು ಶರಣಾರ್ಥಿಗಳು. ತಾವು ಕ್ಷೇಮವೆಂದು ನಂಬಿದ್ದೇವೆ. ತಮ್ಮ ನೋಟಿಸ್ ಮೊನ್ನೆ ಭಾನುವಾರ ಕೈಸೇರಿತು. ಅನುಮತಿಯಿಲ್ಲದೆ ಪ್ರಥಮ ಚಿಕಿತ್ಸೆಯ ತರಗತಿ ನಡೆಸಿದ್ದೇಕೆಂದು ಏಳು ದಿನಗಳೊಳಗೆ ವಿವರಿಸಬೇಕಂತೆ. ಸಂತೋಷದಿಂದ ವಿವರಿಸುತ್ತೇನೆ.

ನಮ್ಮ ದಳದ ರಚನೆ ಎಷ್ಟು ಅಚ್ಚುಕಟ್ಟೆಂಬುದನ್ನು ತಮಗೆ ಹೇಳಬೇಕಿಲ್ಲ. ಹದಿನಾರರಿಂದ ಇಪ್ಪತ್ತೈದರ ಒಳಗಿನವರು ತಾವೇ ತಂಡ ಕಟ್ಟಿಕೊಂಡು, ತಾವೇ ನಾಯಕಿಯನ್ನು ಆರಿಸಿ, ಏನು ಕಲಿಯಬೇಕು, ಯಾವ ಸೇವೆ ಮಾಡಬೇಕು ಎಂಬುದನ್ನು ತಾವೇ ತೀರ್ಮಾನಿಸಬೇಕೆಂದು ಕೈಪಿಡಿಯ ಮೂರನೆಯ ಪುಟದಲ್ಲಿದೆ. ಆ ತೀರ್ಮಾನವು ತಾಲ್ಲೂಕು, ಜಿಲ್ಲೆ, ರಾಜ್ಯ, ರಾಷ್ಟ್ರ ಎಂಬ ನಾಲ್ಕು ಮೆಟ್ಟಿಲು ಹತ್ತಿ, ಒಪ್ಪಿಗೆ ಪಡೆದು, ಅದೇ ಮೆಟ್ಟಿಲುಗಳನ್ನಿಳಿದು ಬರಬೇಕೆಂದು ನಾಲ್ಕನೆಯ ಪುಟದಲ್ಲಿದೆ. ಪುಟ ತಿರುವುವಷ್ಟರಲ್ಲಿ ನಮಗೆ ವಯಸ್ಸಾಗುತ್ತಿದ್ದರೆ ಅದು ನಮ್ಮದೇ ಅಶಿಸ್ತು.

ಕಳೆದ ಜನವರಿಯಲ್ಲಿ ಬಾದಾಮಿಯ ಗುಡ್ಡಕ್ಕೆ ಚಾರಣ ಹೋಗಿದ್ದಾಗ ನಮ್ಮ ತಂಡದ ರಾಧಿಕಾ ಬಂಡೆಯಿಂದ ಜಾರಿ ಬಿದ್ದು ಕೈ ಮುರಿದುಕೊಂಡಳು. ನಮ್ಮೆಲ್ಲರ ಅಂಗಿಯ ಮೇಲೂ ಪ್ರಥಮ ಚಿಕಿತ್ಸೆಯ ಬ್ಯಾಡ್ಜ್ ಹೊಳೆಯುತ್ತಿತ್ತು. ಕೈ ಕಟ್ಟಲು ಒಬ್ಬಳಿಗೂ ಬರಲಿಲ್ಲ. ಪರೀಕ್ಷೆ ಬರೀ ಬರವಣಿಗೆಯದಾಗಿತ್ತಲ್ಲ! "ಅಕ್ಕಾ, ಏನರ ಮಾಡು, ತಡಕೊಳ್ಳಾಕ ಆಗವಲ್ದು" ಎಂದು ಆಕೆ ಅಳುವಾಗ ನಾನು ಕೈಪಿಡಿಯಲ್ಲಿ ಪುಟ ಹುಡುಕುತ್ತಿದ್ದೆ. ಆ ನಾಚಿಕೆ ಇನ್ನೂ ಹೋಗಿಲ್ಲ. ಮೊಮ್ಮಕ್ಕಳಿಗೆ ಗುಹೆ ತೋರಿಸಲು ಬಂದಿದ್ದ ನಮ್ಮೂರಿನ ನಿವೃತ್ತ ಕಂಪೌಂಡರ್ ಜಾಫರಸಾಬರು ಓಡಿಬಂದು, "ಅಂಜಬ್ಯಾಡವ್ವ, ಕೈ ಅಲಗಾಡಸಬ್ಯಾಡ" ಎನ್ನುತ್ತಾ ಎರಡು ಕೋಲು ಇಟ್ಟು, ನಮ್ಮ ಕೊರಳಿನ ಮೂರು ಸ್ಕಾರ್ಫುಗಳಿಂದ ಕೈ ಬಿಗಿದು ದವಾಖಾನೆಗೆ ಕಳಿಸಿದರು. ಚಾರಣದ ವರದಿಯ ಮೇಲೆ ತಾವು ಬರೆದ ಷರಾ: 'ಛಾಯಾಚಿತ್ರದಲ್ಲಿ ಮೂವರ ಕೊರಳಲ್ಲಿ ಸ್ಕಾರ್ಫ್ ಇಲ್ಲ.' ಎಂಥ ಸೂಕ್ಷ್ಮ ದೃಷ್ಟಿ! ಅದೇ ಚಿತ್ರದಲ್ಲಿ ಮುರಿದ ಕೈಯೊಂದೂ ಇತ್ತು.

"ಐತವಾರಕ್ಕೊಮ್ಮೆ ಬರ್ರಿ, ನಾ ಕಲಸ್ತೇನಿ" ಎಂದರು ಜಾಫರಸಾಬರು. ನಾವು ತೀರ್ಮಾನಿಸಿ, ಅರ್ಜಿ ಹಾಕಿ, ಐದು ತಿಂಗಳು ಕಾದೆವು. ಜೂನಿನಲ್ಲಿ ತಮ್ಮ ಯುವ ಪ್ರತಿನಿಧಿಗಳ ಸಭೆಗೆ ನಾನೇ ಬಾಗಲಕೋಟೆಗೆ ಬಂದೆ. ಯುವ ಪ್ರತಿನಿಧಿಯ ಕುರ್ಚಿಯಲ್ಲಿ ಅಂದಾನಪ್ಪನವರು ಕುಳಿತಿದ್ದರು. ಷಷ್ಟ್ಯಬ್ದಿಗೆ ಹೊದಿಸಿದ ಶಾಲು ಹೆಗಲ ಮೇಲಿತ್ತು. "ತಂಗಿ, ತರುಣರ ಕಷ್ಟ ನನಗ ಬಿಡು, ನೀ ಎಲ್ಲಾರಿಗೂ ಚಹಾ ಕೊಡು" ಎಂದರು. ಹದಿನಾಲ್ಕು ಮಂದಿಗೆ ಕೊಟ್ಟೆ. ಆಮೇಲೆ ಟ್ರೇ ಕೆಳಗಿಟ್ಟು, ನಿಂತೇ ರಾಧಿಕಾಳ ಕೈಯ ಸಂಗತಿ ಹೇಳಿದೆ. ನಡಾವಳಿಯಲ್ಲಿ ಅಚ್ಚಾದದ್ದು: 'ಗುಡೂರಿನ ತಂಡ ಉಪಾಹಾರ ವ್ಯವಸ್ಥೆಗೆ ಸಹಕರಿಸಿತು.' ಅದನ್ನು ಓದಿ ಅತ್ತೆ. ಮುಂದಿನ ಭಾನುವಾರ ಜಾಫರಸಾಬರ ಮನೆಯ ಕಟ್ಟೆಯ ಮೇಲೆ ತರಗತಿ ಆರಂಭವಾಯಿತು. ಇದೇ ನನ್ನ ವಿವರಣೆ.

ಇನ್ನು ನಮ್ಮ ವಿನಮ್ರ ಬೇಡಿಕೆಗಳು. ಒಪ್ಪಿಗೆ ಬರುವವರೆಗೆ ಬಾದಾಮಿಯಿಂದ ಇಳಕಲ್‌ವರೆಗೆ ಯಾರೂ ಎಲುಬು ಮುರಿದುಕೊಳ್ಳಬಾರದೆಂದು ತಾವು ಸುತ್ತೋಲೆ ಹೊರಡಿಸಬೇಕು. ಕಚ್ಚಬಯಸುವ ಹಾವುಗಳು ಮೂರು ಪ್ರತಿಗಳಲ್ಲಿ ಮುಂಚಿತವಾಗಿ ತಿಳಿಸತಕ್ಕದ್ದು. ಡಿಸೆಂಬರಿನಲ್ಲಿ ನನಗೆ ಇಪ್ಪತ್ತೈದು ತುಂಬಿ ನಾನು ತಂಡದಿಂದ ಹೊರಬೀಳುವುದರಿಂದ, ಕಡತ ಇಳಿದು ಬರುವ ತನಕ ನನ್ನ ವಯಸ್ಸನ್ನೂ ತಡೆಹಿಡಿಯಬೇಕು. ಆಗದಿದ್ದರೂ ಚಿಂತೆಯಿಲ್ಲ, ತಂಡ ಮುಂದಿನ ನಾಯಕಿಯಾಗಿ ರಾಧಿಕಾಳನ್ನು ಆರಿಸಿದೆ. ಕೈ ಕೂಡಿದೆ, ಬರವಣಿಗೆ ದುಂಡಗಿದೆ, ವಯಸ್ಸು ಇಪ್ಪತ್ತು. ತಮ್ಮೊಡನೆ ಐದು ವರ್ಷ ಪತ್ರವ್ಯವಹಾರ ನಡೆಸಬಲ್ಲಳು.

ನಿಯಮಾನುಸಾರ ಡಿಸೆಂಬರಿನವರೆಗೆ ಮಾತ್ರ
ತಮ್ಮ ವಿಶ್ವಾಸಿ,
ಅಂಜನಾ

ತಾ.ಕ.: ತಮ್ಮ ನೋಟಿಸ್ ತಂದ ಕಚೇರಿಯ ಸಿಪಾಯಿ ಮಲಕಪ್ಪನವರು ತರಗತಿ ನಡೆಯುತ್ತಿದ್ದಾಗಲೇ ಅದನ್ನು ನನ್ನ ಕೈಗಿತ್ತು, ಚಪ್ಪಲಿ ಬಿಟ್ಟು, "ನನಗೂ ಒಮ್ಮಿ ತೋರಸ್ರಿ" ಎಂದು ಕಟ್ಟೆಯ ಮೇಲೆ ಕುಳಿತರು. ಸಂಜೆಯವರೆಗೂ ಏಳಲಿಲ್ಲ. ಮುಂದಿನ ಭಾನುವಾರ ಹೆಂಡತಿಯನ್ನೂ ಕರೆತರುವರಂತೆ. ಆದ್ದರಿಂದ ಮುಂದಿನ ನೋಟಿಸನ್ನು ದಯವಿಟ್ಟು ಅಂಚೆಯಲ್ಲಿ ಕಳಿಸಿ. ಆ ದಿನ ಅವರಿಗೆ ಬಿಡುವಿಲ್ಲ.