ಪ್ರಾಸವಿಲ್ಲದ ಒಡಪಿಗೆ ಬಾಗಿಲು ಬಿಡುವ ಕುರಿತು

ಶಹಾಪುರದ ನಮ್ಮ ಮನೆಯ ಬಾಗಿಲು ತಡೆಯುವ ಇಲಾಖೆಯ ಹಿರಿಯ ಅಧಿಕಾರಿಗಳೂ ನನ್ನ ಮಾವನವರ ಅಕ್ಕನೂ ಆದ ಕಾಡವ್ವ ಅತ್ತೆಯವರ ಪಾದಗಳಿಗೆ, ಮೂರು ವಾರದ ಹಿಂದೆ ಖಾನಾಪುರದಿಂದ ಸೊಸೆಯಾಗಿ ಬಂದ ಪ್ರಮಿಳಾ ಮಾಡುವ ನಮಸ್ಕಾರಗಳು.

ಮಾನ್ಯರೇ,

ತಮ್ಮ ಎದುರು ನಿಂತರೆ ನನ್ನ ಬಾಯಿ ಕಟ್ಟುವುದರಿಂದ, ಊರಿಗೆಲ್ಲ ಕಾಣುವಂತೆ ಬರೆಯುವುದೇ ನನಗೆ ಸುಲಭವೆನಿಸಿದೆ. ಐದನೇ ಇಯತ್ತೆಯ ಆಚೆ ಸಾಲಿ ಕಾಣದವಳ ತಪ್ಪುಗಳನ್ನು ಹೊಟ್ಟೆಗೆ ಹಾಕಿಕೊಳ್ಳಬೇಕು.

ಹೊಸ ಸೊಸೆ ಗಂಡನ ಹೆಸರನ್ನು ಒಡಪು ಕಟ್ಟಿ ಹೇಳದೆ ಒಳಗೆ ಬರಬಾರದೆಂಬ ಪದ್ಧತಿಯನ್ನು ತಾವು ಕಾಪಾಡಿಕೊಂಡು ಬಂದಿರುವ ನಿಷ್ಠೆಯನ್ನು ಸಾಂಬ್ರಾ ವಿಮಾನ ನಿಲ್ದಾಣದ ತಪಾಸಣೆಯವರೂ ಬಂದು ಕಲಿಯಬೇಕು. ಅವರು ಚೀಲವನ್ನಷ್ಟೇ ನೋಡುತ್ತಾರಂತೆ. ತಾವು ಒಡಪಿನ ಸಾಲಿನ ತುದಿಯನ್ನೂ ಮುಟ್ಟಿ ನೋಡಿದಿರಿ. ಮದುವೆಯ ದಿನ ತಲೆ ತಗ್ಗಿಸಿ ನಾನು ಹೇಳಿದ್ದು ಇಷ್ಟೇ: "ಖಾನಾಪುರ ಬಿಟ್ಟಾಗಿಂದ ಟೆಂಪೋದಾಗ ನಾ ಅಳಾಕತ್ತಿದ್ದೆ, ನನಗ ನಾಚಿಕಿ ಆಗಬಾರದಂತ ನಿದ್ದಿ ಹತ್ತಿದವರಂಗ ಕಣ್ಣು ಮುಚ್ಚಿ ಕುಂತವರು ಗಜಾನನ."

ಅದಕ್ಕೆ ತಾವು, "ಇದು ಒಡಪಲ್ಲವ್ವಾ, ಟೆಂಪೋದಾಗಿನ ಸುದ್ದಿ. ಪ್ರಾಸ ಎಲ್ಲೈತಿ?" ಎಂದಿರಿ. ನಾದಿನಿ ಮಾಯಾ, "ಬಾಲ ಇಲ್ಲದ ಎಮ್ಮಿ ತಂದಾಳ ನೋಡ್ರಿ, ನೊಣಾ ಹ್ಯಾಂಗ ಹೊಡಕೋತೈತಿ?" ಎಂದು ಎಲ್ಲರನ್ನೂ ನಗಿಸಿದರು. ಮುಕ್ಕಾಲು ತಾಸು ಹೊರಗೆ ನಿಂತ ಮೇಲೆ, ತಾವೇ ಕಿವಿಯಲ್ಲಿ ಊದಿದ "ಬೆಳ್ಳಿ ಬಟ್ಟಲದಾಗ ಕುಂದಾ, ನಮ್ಮ ಗಜಾನನ ಬಾಳ ಚೆಂದಾ" ಎಂಬುದನ್ನು ಒಪ್ಪಿಸಿ ಒಳಗೆ ಬಂದೆ. ಮನೆಯಲ್ಲಿ ಬೆಳ್ಳಿ ಬಟ್ಟಲಿಲ್ಲ, ಅವರಿಗೆ ಸಿಹಿ ಸೇರುವುದಿಲ್ಲ, ಚೆಂದದ ಮಾತನ್ನು ನಾನಿಲ್ಲಿ ಎತ್ತುವುದಿಲ್ಲ. ಪ್ರಾಸ ಗಟ್ಟಿಯಾಗಿ ಕೂತಿತ್ತೆಂದು ಎಲ್ಲರೂ ಚಪ್ಪಾಳೆ ಹೊಡೆದರು.

ನಮ್ಮೂರ ವಾಚನಾಲಯದಲ್ಲಿ ಕಸ ಗುಡಿಸುತ್ತ ನಾನು ಓದಿಕೊಂಡ ಪ್ರಕಾರ, ಜಪಾನಿನವರು ಮೂರು ಸಣ್ಣ ಸಾಲು ಹೇಳಿ ಪ್ರಾಸವಿಲ್ಲದೆ ಎದ್ದುಹೋಗುತ್ತಾರೆ. ಇಂಗ್ಲೆಂಡಿನ ನಾಟಕದ ರಾಜರು ಪ್ರಾಸವಿಲ್ಲದ ಸಾಲುಗಳಲ್ಲೇ ಸಿಂಹಾಸನ ಕಳೆದುಕೊಳ್ಳುತ್ತಾರೆ. ಗ್ರೀಕರು ಸಾವಿರಾರು ಸಾಲಿನ ಯುದ್ಧವನ್ನೇ ಪ್ರಾಸವಿಲ್ಲದೆ ಹೊಡೆದಾಡಿದರು. ನಮ್ಮ ಹಳೆಯ ಕನ್ನಡ ಕವಿಗಳಂತೂ ಪ್ರಾಸವನ್ನು ಸಾಲಿನ ಆರಂಭದಲ್ಲೇ ಮುಗಿಸಿ ತುದಿಯನ್ನು ಹಾಗೇ ಬಿಟ್ಟರು. ಇವರನ್ನೆಲ್ಲ ತಾವು ಹೊಸ್ತಿಲಲ್ಲಿ ತಡೆದರೆ ನಿಂತವರ ಸಾಲು ಊರು ದಾಟಿ ಕಾಕತಿಯವರೆಗೆ ಹೋಗುತ್ತದೆ, ಅಷ್ಟು ಜನಕ್ಕೆ ಚಹಾ ಮಾಡುವ ಕೆಲಸ ಕೊನೆಗೆ ಹೊಸ ಸೊಸೆಗೇ ಬರುತ್ತದೆ. ಅದೂ ಅಲ್ಲದೆ ಸೀರೆ ನೇಯುವ ಓಣಿಯಲ್ಲಿ ಹುಟ್ಟಿದ ತಮಗೆ ನಾನು ಹೇಳಬೇಕೆ? ಸೆರಗು ಒಂದೇ ತುದಿಗಿದ್ದರೂ ಸೀರೆಯನ್ನು ಯಾರೂ ತಿರುಗಿ ಕಳಿಸುವುದಿಲ್ಲ.

ಇಷ್ಟಕ್ಕೂ ಒಪ್ಪದಿದ್ದರೆ ಇನ್ನೊಂದು ದಾರಿಯಿದೆ. ಗಜಾನನ ಎಂಬ ಹೆಸರಿಗೆ ಕಾನನ ಬಿಟ್ಟು ಬೇರೆ ಪ್ರಾಸ ನನಗೆ ದಕ್ಕಿಲ್ಲ. ಸೋದರತ್ತೆಯಾಗಿ ತೊಟ್ಟಿಲಿಗೆ ಬಗ್ಗಿ ಆ ಹೆಸರನ್ನು ಕಿವಿಯಲ್ಲಿ ಹೇಳಿದವರು ತಾವೇ ಆದ್ದರಿಂದ, ದಯವಿಟ್ಟು ಆ ದಿನಕ್ಕೆ ಹಿಂದಿರುಗಿ, ಮುಂದೆ ಬರುವ ಸೊಸೆಗೆ ಅನುಕೂಲವಾಗುವಂಥ ಬೇರೆ ಹೆಸರು ಇಟ್ಟು ಬರಬೇಕು.

ಅವರ ಹೆಸರಿನ ಜೊತೆ ನನ್ನ ಬಾಯಿಂದ ಮೊದಲು ಬಂದ ಮಾತು ನನ್ನದು, ಎರಡನೆಯದು ಎರವಲು. ಬರುವ ಸಂಕ್ರಾಂತಿಯ ಅರಿಷಿಣ-ಕುಂಕುಮಕ್ಕೆ ನಲವತ್ತು ಹೆಣ್ಣುಮಕ್ಕಳ ಎದುರು ಮತ್ತೆ ಒಡಪು ಹೇಳಬೇಕಾಗಿದೆ. ಅಂದು ಮೊದಲಿನದನ್ನೇ ಹೇಳಲು ತಮ್ಮ ಅಪ್ಪಣೆ ಬೇಡುತ್ತೇನೆ. ಅಪ್ಪಣೆ ಸಿಗದಿದ್ದರೂ ಅದನ್ನೇ ಹೇಳುವವಳಿದ್ದೇನೆ. ಹೊರಗೆ ನಿಲ್ಲಿಸಲು ಬರುವುದಿಲ್ಲ, ನಾನೀಗ ಒಳಗಿದ್ದೇನೆ.

ಒಲೆಯ ಮುಂದಿನಿಂದ, ತಮ್ಮ ವಿಶ್ವಾಸಿ,
ಪ್ರಮಿಳಾ

ತಾ.ಕ.: ಆ ದಿನ ಮಾದರಿಗೆಂದು ತಾವು ಹೇಳಿ ತೋರಿಸಿದ "ಮಾರುದ್ದ ಮಲ್ಲಿಗಿ ತಂದು ಮುಡಸ್ಯಾರಪ್ಪ, ನಮ್ಮ ಯಜಮಾನ್ರು ರಾಯಪ್ಪ" ಎಂಬ ಒಡಪಿನ ಪ್ರಾಸಕ್ಕೆ ಕೈಮುಗಿಯುತ್ತೇನೆ. ಅದನ್ನು ಕೇಳಿ ಕಟ್ಟೆಯ ಮೇಲಿದ್ದ ರಾಯಪ್ಪ ಮಾವನವರು ಗಜಾನನರ ಕಡೆ ಬಗ್ಗಿ, "ನಾ ಯಾವಾಗ ತಂದಿದ್ನೋ ತಮ್ಮಾ?" ಎಂದು ಕೇಳಿದರು. ಹೊಸ್ತಿಲ ಹೊರಗೆ ಮುಕ್ಕಾಲು ತಾಸು ನಿಂತವರಿಗೆ ಇಂಥವೆಲ್ಲ ಕೇಳಿಸುತ್ತವೆ.